ನಡುಗಲ್ಲಿನ ವ್ಯುತ್ಪತ್ತಿ

೩ ಫೆಬ್ರವರಿ

ನನ್ನ ಬೆನ್ನಿಗೆ ಬಿದ್ದ ತಂಗಿಗೆ ಅಣ್ಣನ ಆಶೀರ್ವಾದ.

ಭಗವಂತನ ಕೃಪೆಯಿಂದ ಇಲ್ಲಿ ಉಸಿರಾಡಬೇಕಾದವರೆಲ್ಲ ಉಸಿರಾಡುತ್ತಿದ್ದೇವೆ. ‘ಕ್ಷೇಮ’ ಎಂಬ ಪದವನ್ನು ಮಾತ್ರ ಈ ಸಲ ಸ್ವಲ್ಪ ಯೋಚಿಸಿ ಬರೆಯಬೇಕಾಗಿದೆ.

ಏಪ್ರಿಲ್ ಐದರಂದು ನಮ್ಮ ಪಟ್ಟಣದ ಸ್ಥಾಪನಾ ದಿನ. ಮಕ್ಕಳ ಓಟ, ವಾದ್ಯಮೇಳ, ಹಳೆಯ ಹಿಟ್ಟಿನ ಗಿರಣಿಯ ಚಕ್ರವನ್ನು ತಿರುಗಿಸಿ ತೋರಿಸುವುದು, ಸಂಜೆ ಚೌಕದಲ್ಲಿ ಸಭೆ, ಎಲ್ಲವೂ ಯಥಾಪ್ರಕಾರ. ಈ ವರ್ಷ ಹೆಚ್ಚಿನದೆಂದರೆ, ಬರುವ ಸಂದರ್ಶಕರಿಗಾಗಿ ಊರಿನ ಚರಿತ್ರೆಯನ್ನು ಕಿರುಪುಸ್ತಕವಾಗಿ ಬರೆದುಕೊಡಬೇಕೆಂದು ಸಮಿತಿಯವರು ನನ್ನನ್ನು ಪ್ರಾರ್ಥಿಸಿದರು. ಈ ಊರಿನ ಮೂರು ತಲೆಮಾರಿಗೆ ವ್ಯಾಕರಣ ಕಲಿಸಿದವನು ನಾನು. ಇಲ್ಲಿನ ಅಂಗಡಿಗಳ ಫಲಕಗಳೆಲ್ಲ ನನ್ನ ಕೈಬರಹವನ್ನು ನೋಡಿ ತಿದ್ದಿದವು. ಒಪ್ಪಿಕೊಂಡೆ.

ಇಳಿಜಾರು ಬೀದಿಯ ತಿರುವಿನಲ್ಲಿರುವ ನಡುಗಲ್ಲು ನಿನಗೆ ನೆನಪಿರಬೇಕು. ಚಿಕ್ಕಂದಿನಲ್ಲಿ ಅದರ ಮೇಲೇರಿ ಕುಳಿತು ನೀನು ಅಪ್ಪನಿಂದ ಏಟು ತಿಂದಿದ್ದೀಯೆ. ಈ ಪಟ್ಟಣವು ಮೇಲೂರು, ಕೆಳಗೂರು ಎಂಬ ಎರಡು ಹಳ್ಳಿಗಳಾಗಿದ್ದ ಕಾಲದಲ್ಲಿ ಅವೆರಡರ ನಡುವೆ ನೆಟ್ಟ ಕಲ್ಲು ಅದು. ಎರಡೂ ಕಡೆಯ ಹಿರಿಯರು ಜಗಳ ತೀರಿಸಿಕೊಳ್ಳಲು ಅಲ್ಲಿ ಸೇರುತ್ತಿದ್ದರು. ನಡು ಎಂಬುದಕ್ಕೆ ಕಲ್ಲು ಸೇರಿ, ಕಕಾರಕ್ಕೆ ಗಕಾರ ಆದೇಶವಾಗಿ, ನಡುಗಲ್ಲು. ಶಾಲೆಯ ಮಗುವೂ ಬಿಡಿಸಬಲ್ಲ ಸಂಧಿ. ಆದರೆ ಈಗ ಸಂದರ್ಶಕರು ತಂಡತಂಡವಾಗಿ ಬಂದು, ಅದು ‘ನಡುಗುವ ಕಲ್ಲು’ ಎಂದು ಭ್ರಮಿಸಿ, ಅಂಗೈ ಊರಿ, ಕಣ್ಣು ಮುಚ್ಚಿ, ‘ಹೌದು ಕಣೇ, ನಡುಗ್ತಾ ಇದೆ’ ಎಂದು ರೋಮಾಂಚಿತರಾಗಿ ಹಿಂದಿರುಗುತ್ತಾರೆ. ಹಾಗಿದ್ದರೆ ಅದು ‘ನಡುಗುಗಲ್ಲು’ ಆಗಬೇಕಿತ್ತಲ್ಲ? ಕೇಳುವವರಿಲ್ಲ.

ಇದನ್ನು ಅವರಿಗೆ ಯಾರು ಹೇಳಿಕೊಡುತ್ತಿದ್ದಾರೆ ಎಂಬುದೇ ನನ್ನ ಚಿಂತೆ. ಮಗ ತೀರಿಕೊಂಡ ಮೇಲೆ ಸೊಸೆ ಸಂದರ್ಶಕರಿಗೆ ಊರು ತೋರಿಸುವ ಕೆಲಸಕ್ಕೆ ಸೇರಿದ್ದಾಳಷ್ಟೆ. ಕೆಲಸ ಇನ್ನೂ ತಾತ್ಕಾಲಿಕ. ಕಾಯಂ ಮಾಡುವ ಘೋಷಣೆ ಸ್ಥಾಪನಾ ದಿನದ ಸಭೆಯಲ್ಲೇ ಆಗಬೇಕು. ಜನ ಹೆಚ್ಚಿದಷ್ಟೂ ಅವಳಿಗೆ ಅನುಕೂಲ. ಕಲ್ಲಿನ ಬಳಿ ನಾನು ಹೋದೊಡನೆ ಅವಳು ಹೇಳುತ್ತಿದ್ದ ಮಾತನ್ನು ಅರ್ಧಕ್ಕೆ ನಿಲ್ಲಿಸಿ, ನನ್ನ ಕೈ ಹಿಡಿಯಲು ಬರುತ್ತಾಳೆ. ಇದನ್ನು ಆದರವೆನ್ನಲೋ, ಅಡ್ಡಗಟ್ಟುವಿಕೆ ಎನ್ನಲೋ ತಿಳಿಯದು.

ಮನೆಯಲ್ಲೂ ಅವಳ ನಡತೆ ಬದಲಾಗಿದೆ. ಕೆಲವು ಕಾಲದಿಂದ ನನಗೆ ಚಹಾವನ್ನು ಅರ್ಧ ಲೋಟ ಮಾತ್ರ ಕೊಡುತ್ತಾಳೆ. ಕೇಳಿದರೆ, ‘ಕುಡೀರಿ ಮಾವ, ಮತ್ತೆ ತರ್ತೀನಿ’ ಎನ್ನುತ್ತಾಳೆ. ತುಂಬಿದ ಲೋಟಕ್ಕೂ ಯೋಗ್ಯನಲ್ಲದ ಮುದುಕನಾದೆನೇ ನಾನು? ಇದನ್ನು ಹೊರಗೆ ಆಡಲು ನಾಚಿಕೆ. ನಿನ್ನಲ್ಲಿ ಹೇಳಿಕೊಂಡೆ.

ನಿನ್ನ ಅಣ್ಣ


೧೪ ಫೆಬ್ರವರಿ

ಅಣ್ಣನಿಗೆ ನಮಸ್ಕಾರ.

ನಿನ್ನ ವ್ಯಾಕರಣಕ್ಕೆ ಹೆದರಿ ಈ ಕಾಗದವನ್ನು ಎರಡನೆಯ ಸಲ ಬರೆಯುತ್ತಿದ್ದೇನೆ. ಇನ್ನೂ ತಪ್ಪಿದ್ದರೆ ಕೆಂಪು ಶಾಯಿಯಲ್ಲಿ ತಿದ್ದಿ ಹಿಂದಕ್ಕೆ ಕಳಿಸಬೇಡ, ವಯಸ್ಸಾಗಿದೆ.

ಇಲ್ಲಿ ನನ್ನ ಮೂರನೆಯ ಮಹಡಿಯ ಕೋಣೆಯಿಂದ ಬಂದರಿನ ಹಡಗುಗಳು ಕಾಣುತ್ತವೆ. ಮೆಟ್ಟಿಲಿಳಿಯಲು ಮೊಣಕಾಲು ಬಿಡುವುದಿಲ್ಲ. ಆಸ್ಪತ್ರೆಯಲ್ಲಿ ಅಷ್ಟು ವರ್ಷ ಊರಿನವರ ಕಾಲು ಹಿಡಿದವಳ ಕಾಲು ಹಿಡಿಯಲು ಈಗ ಯಾರೂ ಇಲ್ಲ. ನಿವೃತ್ತ ದಾದಿಯ ಹಣೆಬರಹ.

ಅರ್ಧ ಲೋಟದ ಸುದ್ದಿ ಓದಿ ನನ್ನ ಮೈ ಉರಿಯಿತು. ಇವತ್ತು ಚಹಾ ಅರ್ಧ, ನಾಳೆ ಅನ್ನ ಅರ್ಧ, ನಾಡಿದ್ದು ಮಾತೂ ಅರ್ಧ. ಮನೆಯಲ್ಲಿ ಮುದುಕರನ್ನು ಹೀಗೆಯೇ ಸಣ್ಣಗೆ ಮಾಡುತ್ತಾ ಬರುತ್ತಾರೆ, ನಾನು ವಾರ್ಡಿನಲ್ಲಿ ಬೇಕಾದಷ್ಟು ನೋಡಿದ್ದೇನೆ. ಅವಳು ಒಳ್ಳೆಯ ಹುಡುಗಿಯೆಂದೇ ಎಣಿಸಿದ್ದೆ. ಆದರೂ ಒಂದು ಕಣ್ಣಿಟ್ಟಿರು.

ಇನ್ನೊಂದು ಮಾತು. ನಿನ್ನ ಅಕ್ಷರಗಳೇಕೆ ಸಾಸಿವೆ ಕಾಳಿನಂತಾಗಿವೆ? ಸಾಲಿನ ಮೊದಲಲ್ಲಿ ನೆಟ್ಟಗಿದ್ದು, ಕೊನೆಗೆ ಬರುವಷ್ಟರಲ್ಲಿ ಭೂತಗನ್ನಡಿ ಬೇಕಾಗುತ್ತದೆ. ಕಾಗದ ಉಳಿಸುತ್ತಿದ್ದೀಯಾ? ಜಿಪುಣತನ ಅಪ್ಪನ ಜೊತೆ ಹೋಯಿತೆಂದುಕೊಂಡಿದ್ದೆ.

ನಿನ್ನ ತಂಗಿ


೧ ಮಾರ್ಚ್

ತಂಗಿಗೆ ಆಶೀರ್ವಾದ.

ಅಕ್ಷರದ ಬಗೆಗಿನ ನಿನ್ನ ಕುಹಕಕ್ಕೆ ಮೊದಲು ಉತ್ತರ. ಕಾಗದದ ಅಂಗಡಿಯವನು ನನಗೆ ಸತತವಾಗಿ ಕೆಟ್ಟ ನಿಬ್ಬುಗಳನ್ನೇ ಕೊಡುತ್ತಿದ್ದಾನೆ. ಹಿಂದೊಮ್ಮೆ ಅವನ ಫಲಕದಲ್ಲಿ ಕಾಗುಣಿತ ತಿದ್ದಿದ್ದಕ್ಕೆ ಈ ಸೇಡು. ಅದು ಹಾಗಿರಲಿ.

ಈಗ ಬರೆಯುವುದನ್ನು ಓದಿ ಯಾರಿಗೂ ತಿಳಿಸದಿರು. ನಡುಗಲ್ಲು ನಿಜವಾಗಿ ನಡುಗುತ್ತಿದೆ.

ಪುಸ್ತಕದ ಆ ಅಧ್ಯಾಯಕ್ಕೆ ಕೊನೆಯ ವಾಕ್ಯ ಬರೆಯುವ ಮುನ್ನ ಅಪವಾದವೇ ಉಳಿಯಬಾರದೆಂದು, ಬೆಳಗಿನ ಪ್ರಾರ್ಥನೆ ಮುಗಿಸಿ ಜನರಿಲ್ಲದ ಹೊತ್ತಿನಲ್ಲಿ ಹೋದೆ. ಚಿತ್ತವನ್ನು ಸ್ಥಿರಗೊಳಿಸಿ ಅಂಗೈಯನ್ನು ಕಲ್ಲಿನ ಮೇಲೆ ಹಗುರವಾಗಿ ಊರಿದೆ. ಪೆಟ್ಟಿಗೆಯೊಳಗೆ ಸಿಕ್ಕಿದ ಜೇನುಹುಳದಂತೆ ಒಂದು ಸಣ್ಣ ಕಂಪನ ಬೆರಳುಗಳಿಗೆ ಬಂತು. ಕೈ ತೆಗೆದು ಮತ್ತೆ ಇಟ್ಟೆ. ಮತ್ತೆ ಬಂತು. ಕಿವಿಯಿಟ್ಟು ಕೇಳಿದರೆ ಏನೂ ಶಬ್ದವಿಲ್ಲ. ಮೋಸದ ನಾಜೂಕು ಇರುವುದೇ ಅಲ್ಲಿ.

ಕಲ್ಲು ತಾನಾಗಿ ನಡುಗದು. ಆದ್ದರಿಂದ ಅಡಿಯಲ್ಲಿ ಯಾರೋ ಸಣ್ಣ ಮೋಟಾರೊಂದನ್ನು ಹೂಳಿದ್ದಾರೆ. ಸ್ಥಾಪನಾ ಸಮಿತಿಯ ಅಧ್ಯಕ್ಷ ಯಾರು ಗೊತ್ತೇ? ಚೌಕದಲ್ಲಿ ಗಡಿಯಾರ ರಿಪೇರಿ ಮಾಡುವವನು. ಉಗುರಿನಷ್ಟು ಯಂತ್ರವನ್ನು ಮಾಡಬಲ್ಲ ಕೈ ಈ ಊರಿನಲ್ಲಿ ಇನ್ನೊಂದಿಲ್ಲ. ಕಲ್ಲಿನ ಸುತ್ತ ದಿನವಿಡೀ ಇರುವವಳು ನಮ್ಮ ಸೊಸೆ. ಇವರಿಬ್ಬರೂ ಕೂಡದೆ ಇದು ಸಾಧ್ಯವಿಲ್ಲ.

ನೇರವಾಗಿ ಅವನ ಅಂಗಡಿಗೆ ಹೋಗಿ, ‘ಕಲ್ಲು ನಡುಗುತ್ತಿರುವುದನ್ನು ನಾನು ಸ್ವತಃ ಮುಟ್ಟಿ ತಿಳಿದೆ, ಇದಕ್ಕೆ ಉತ್ತರ ಹೇಳು’ ಎಂದೆ. ಅವನು ಕಣ್ಣಿಗೆ ಸಿಕ್ಕಿಸಿದ್ದ ಮಸೂರವನ್ನೂ ತೆಗೆಯದೆ ನಕ್ಕ.

‘ಅಂತೂ ನಂಬಿದ್ರಲ್ಲ ಮೇಷ್ಟ್ರೇ. ನಿಮ್ಮ ಕೈಗೇ ಗೊತ್ತಾಯ್ತು ಅಂದ್ಮೇಲೆ ಇನ್ಯಾರ ಸಾಕ್ಷಿ ಬೇಕು?’

‘ಒಳಗೆ ಏನಿಟ್ಟಿದ್ದೀಯ?’

‘ನಾನು ಇಡೋದೇನು, ದೇವರು ಇಟ್ಟಿರೋದು.’

ದೇವರ ಹೆಸರನ್ನು ಇಷ್ಟು ಅಗ್ಗವಾಗಿ ಬಳಸುವವನ ಮೇಲೆ ನನಗಿದ್ದ ಶಂಕೆ ಅಲ್ಲಿಗೆ ದೃಢವಾಯಿತು.

ಸೊಸೆಯ ಹೊಸ ಸೋಜಿಗಗಳನ್ನೂ ಕೇಳು. ಗಾಜಿನ ಲೋಟಗಳನ್ನೆಲ್ಲ ಅಟ್ಟಕ್ಕೇರಿಸಿ ನನಗೆ ಸ್ಟೀಲಿನದನ್ನು ಕೊಡುತ್ತಾಳೆ. ನನ್ನ ಅಂಗಿಗಳ ಗುಂಡಿಗಳನ್ನು ಕಿತ್ತು ಮಕ್ಕಳ ಅಂಗಿಗಿರುವಂಥ ಒತ್ತುಗುಂಡಿ ಹೊಲಿದಿದ್ದಾಳೆ. ನಾನು ಬೀದಿಗಿಳಿದರೆ ಹತ್ತು ಹೆಜ್ಜೆ ಹಿಂದೆ ಚೀಲ ಹಿಡಿದು ಬರುತ್ತಾಳೆ. ತಿರುಗಿ ನೋಡಿದರೆ ತರಕಾರಿಯ ಅಂಗಡಿಯತ್ತ ಮುಖ ಮಾಡುತ್ತಾಳೆ. ಕಾವಲು ಕಾಯುತ್ತಿದ್ದಾಳೆ.

ಸ್ಥಾಪನಾ ದಿನದ ಸಭೆಯಲ್ಲಿ, ಊರಿನೆದುರು, ಅವಳ ಕೆಲಸ ಕಾಯಂ ಆಗುವ ಮುನ್ನ, ಈ ವಂಚನೆಯನ್ನು ಬಯಲುಮಾಡುವೆನೆಂದು ದೇವರ ಮುಂದೆ ಸಂಕಲ್ಪ ಮಾಡಿದ್ದೇನೆ. ಮಗನ ಹೆಂಡತಿ ಎಂಬ ಮೋಹ ಸತ್ಯಕ್ಕೆ ಅಡ್ಡ ಬರಬಾರದು.

ನಿನ್ನ ಅಣ್ಣ


೧೨ ಮಾರ್ಚ್

ಅಣ್ಣ,

ನಿನ್ನ ಕಾಗದ ತಲುಪಿತು. ಎರಡು ಸಲ ಓದಿದೆ. ನಿನ್ನ ಹಳೆಯ ಕಾಗದಗಳ ಕಟ್ಟನ್ನೂ ಬಿಚ್ಚಿ ಓದಿದೆ. ಹೊತ್ತು ಹೋಗಲೆಂದು, ಅಷ್ಟೆ.

ಕೆಲವು ಪ್ರಶ್ನೆ ಕೇಳುತ್ತೇನೆ, ಸಿಟ್ಟಾಗಬೇಡ. ಕಲ್ಲಿನ ಮೇಲೆ ಊರಿದ್ದು ಯಾವ ಕೈ? ಕೈ ಒತ್ತಿ ಹಿಡಿದಾಗಲೂ ಕಂಪನವಿತ್ತೇ, ಸುಮ್ಮನೆ ಇಟ್ಟಾಗ ಮಾತ್ರವೇ? ರಾತ್ರಿ ಹಾಸಿಗೆಯಲ್ಲಿ ಹೊರಳಲು ಕಷ್ಟವಾಗುತ್ತದೆಯೇ? ಅಡುಗೆಯ ವಾಸನೆ ಮೊದಲಿನಂತೆ ತಿಳಿಯುತ್ತದೆಯೇ?

ಸಭೆಯಲ್ಲಿ ಸದ್ಯಕ್ಕೆ ಏನೂ ಮಾತಾಡಬೇಡ. ಅವಸರವೇನಿದೆ? ಕಲ್ಲು ಎಲ್ಲಿಗೂ ಓಡಿಹೋಗುವುದಿಲ್ಲ. ನಾನು ಮೊದಲು ಬರೆದ ಅರ್ಧ ಲೋಟದ ಮಾತನ್ನು ಮರೆತುಬಿಡು. ಮಹಡಿಯ ಮೇಲೆ ಕುಳಿತ ಮುದುಕಿಯ ಮಾತಿಗೆ ಎಷ್ಟು ಬೆಲೆ.

ನಿನ್ನ ತಂಗಿ


೨೦ ಮಾರ್ಚ್

ತಂಗೀ,

ನಿನ್ನ ಕಾಗದದಲ್ಲಿ ನಿನ್ನ ದನಿಯಿರಲಿಲ್ಲ. ಕಲ್ಲಿನ ಮೋಸವನ್ನು ಕುರಿತು ಬರೆದರೆ ಹಾಸಿಗೆಯಲ್ಲಿ ಹೊರಳುವುದನ್ನು ಕೇಳುತ್ತೀಯೆ. ಬಲಗೈ. ಸುಮ್ಮನೆ ಇಟ್ಟಾಗ ಮಾತ್ರ. ಅಡುಗೆಗೆ ವಾಸನೆಯೇ ಇಲ್ಲ, ಅವಳು ಈಗ ರುಚಿಯಾಗಿ ಮಾಡುವುದನ್ನೂ ಬಿಟ್ಟಿದ್ದಾಳೆ. ಇವುಗಳಿಂದ ಯಾವ ಸೂತ್ರ ಸಾಧಿಸುವೆಯೋ ನೀನೇ ಬಲ್ಲೆ.

ಆದರೆ ಕಾರಣ ನನಗೆ ತಿಳಿದುಹೋಯಿತು. ಸಕ್ಕರೆಯ ಡಬ್ಬಿಯ ಹಿಂದೆ, ನಿನ್ನ ಕೈಬರಹದ ವಿಳಾಸವಿದ್ದ ಲಕೋಟೆಯನ್ನು ಕಂಡೆ. ಅದು ಅವಳ ಹೆಸರಿಗೆ ಬಂದದ್ದು. ಒಳಗಿನದನ್ನು ನಾನು ಓದಲಿಲ್ಲ. ಅನ್ಯರ ಪತ್ರ ಓದುವಷ್ಟು ಇಳಿದಿಲ್ಲ. ಓದುವ ಅಗತ್ಯವೂ ಕಾಣಲಿಲ್ಲ. ನನ್ನ ಬೆನ್ನ ಹಿಂದೆ ನೀವಿಬ್ಬರೂ ಬರೆದುಕೊಳ್ಳುತ್ತಿದ್ದೀರಿ, ಸಭೆಯಲ್ಲಿ ಮಾತಾಡಬೇಡ ಎಂದು ನೀನು ತಡೆಯುತ್ತಿದ್ದೀಯೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು?

ಇನ್ನು ಸಮಿತಿಯ ಪ್ರತಾಪ. ಸ್ಥಾಪನಾ ದಿನದ ಕರಪತ್ರವನ್ನು ಊರೆಲ್ಲ ಹಂಚಿದ್ದಾರೆ. ‘ನಮ್ಮೂರಿನ ನಡುಗುವ ಕಲ್ಲನ್ನು ತಪ್ಪದೆ ಮುಟ್ಟಿ. ನಂಬದಿದ್ದ ನಮ್ಮ ಪಂಡಿತರೇ ಸ್ವತಃ ಕಂಪನವನ್ನು ಅನುಭವಿಸಿದ್ದಾರೆ.’ ನನ್ನ ದೂರನ್ನೇ ನನ್ನ ಪ್ರಮಾಣಪತ್ರವಾಗಿ ಅಚ್ಚುಹಾಕಿದ್ದಾರೆ. ಬೇಕರಿಯವನು ನಿನ್ನೆ ನನ್ನನ್ನು ತಡೆದು, ‘ಮೇಷ್ಟ್ರೇ, ನಮ್ಮತ್ತೆ ಊರಿಂದ ಬಂದಿದ್ದಾರೆ, ಯಾವ ಮಗ್ಗುಲಲ್ಲಿ ಕೈ ಇಟ್ರೆ ಜಾಸ್ತಿ ನಡುಗುತ್ತೆ?’ ಎಂದು ಕೇಳಿದ. ಇಷ್ಟು ವರ್ಷ ಬಾಳಿದ್ದು ಇದಕ್ಕೇ.

ಆ ಸಂಜೆ ಸೊಸೆಯನ್ನು ಕೂರಿಸಿಕೊಂಡು ವಿಚಾರಿಸಿದೆ.

‘ಮೋಟಾರು ಎಲ್ಲಿದೆ?’

‘ಯಾವ ಮೋಟಾರೂ ಇಲ್ಲ ಮಾವ.’

‘ಹಾಗಾದರೆ ನಡುಗುವುದೇನು?’

ನೆಲ ನೋಡಿದಳು. ‘ನಾನು ಬಂದವರಿಗೆಲ್ಲ ನೀವು ಹೇಳಿಕೊಟ್ಟಿದ್ದೇ ಹೇಳ್ತೀನಿ. ನಡುವಿನ ಕಲ್ಲು ಅಂತಲೇ. ಅವರಿಗೆ ನಡುಗಬೇಕು ಅಂತ ಆಸೆ, ನಡುಗುತ್ತೆ.’

‘ನನಗೆ ಆಸೆಯಿಲ್ಲವಲ್ಲ. ನನ್ನ ಕೈಗೆ ಹೇಗೆ ತಿಳಿಯಿತು?’

ಪಕ್ಕದಲ್ಲಿದ್ದ ನನ್ನ ಸ್ಟೀಲಿನ ಲೋಟವನ್ನು ಕೈಗೆತ್ತಿಕೊಂಡಳು. ಆಮೇಲೆ, ‘ಮೋಟಾರು ನಾನೇ ಇಟ್ಟೆ ಅಂತಲೇ ಇಟ್ಕೊಳ್ಳಿ ಮಾವ. ಅದರಿಂದ ನಿಮಗೆ ಸಮಾಧಾನ ಆಗೋದಾದ್ರೆ’ ಎಂದು ಎದ್ದು ಒಳಗೆ ಹೋದಳು.

ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು. ಇದಕ್ಕಿಂತ ಹೆಚ್ಚಿನ ಒಪ್ಪಿಗೆ ಬೇಕೇ? ಸಭೆಯಲ್ಲಿ ಎಲ್ಲವನ್ನೂ ಹೇಳುವೆನೆಂದೂ, ಮರುದಿನ ತವರಿಗೆ ಹೊರಡಲು ಸಿದ್ಧಳಾಗಿರಬೇಕೆಂದೂ ತಿಳಿಸಿದೆ. ‘ಆಗಲಿ’ ಎಂದಳು.

ಇನ್ನು ನೀನು ಬರೆಯುವುದನ್ನು ನಾನು ಓದುವೆನೆಂದು ಭಾವಿಸಬೇಡ.

ಅಣ್ಣ


೨೫ ಮಾರ್ಚ್

ಅಣ್ಣ,

ಓದುವುದಿಲ್ಲವೆಂದು ಬರೆದಿದ್ದೀಯೆ. ಆದರೂ ಬರೆಯುತ್ತೇನೆ. ನಿನ್ನ ದೇವರು ನಿನ್ನಿಂದ ಇದನ್ನು ಒಡೆಸಲಿ.

ಅವಳಿಗೆ ನಾನು ಬರೆದದ್ದು ನಿಜ. ಆ ಲಕೋಟೆಯಲ್ಲಿದ್ದದ್ದು ಬೈಗುಳ. ನಿನ್ನ ಮೊದಲ ಕಾಗದ ನಂಬಿ, ‘ನನ್ನಣ್ಣನಿಗೆ ಚಹಾ ಕೊಡಲು ಕೈ ಬಾರದಿದ್ದರೆ ಹೇಳು, ನಾನು ಬಂದು ಕೊಡುತ್ತೇನೆ’ ಎಂದು ಬಾಯಿಗೆ ಬಂದದ್ದನ್ನೆಲ್ಲ ಬರೆದಿದ್ದೆ. ಅವಳಿಂದ ಬಂದ ಉತ್ತರ ಇಷ್ಟೇ: ‘ಅತ್ತೆ, ಮಾವನ ಈ ವರ್ಷದ ಅಕ್ಷರವನ್ನು ಹೋದ ವರ್ಷದ್ದರ ಪಕ್ಕ ಇಟ್ಟು ನೋಡಿ. ದಯವಿಟ್ಟು ಅವರಿಗೆ ಹೇಳಬೇಡಿ.’

ಇಟ್ಟು ನೋಡಿದೆ. ಹೋದ ವರ್ಷದ್ದು ಅಚ್ಚಿನ ಮೊಳೆ ಜೋಡಿಸಿದಂತಿದೆ. ಈ ವರ್ಷದ್ದು ಸಾಲು ಸಾಲಿಗೂ ಕುಗ್ಗುತ್ತ, ಇಳಿಯುತ್ತ, ಒತ್ತು ಕೊಂಬುಗಳಲ್ಲೆಲ್ಲ ಅಲುಗುತ್ತ ಇದೆ. ಪರರ ಕೈಯನ್ನು ದೂರದಿಂದ ನೋಡಿಯೇ ಕಾಯಿಲೆ ಹೇಳುತ್ತಿದ್ದವಳು ನಾನು. ಒಡಹುಟ್ಟಿದವನದು ಮನೆಬಾಗಿಲಿಗೆ ಬಂದಾಗ ಜಿಪುಣತನವೆಂದು ನಕ್ಕೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರೆ. ನಿನ್ನ ಕಾಮಾಲೆಯನ್ನು ಅಂಚೆಯಲ್ಲಿ ತರಿಸಿಕೊಂಡು ನಾನೂ ಹಳದಿ ಕಂಡೆ.

ನೀನು ಪ್ರಮಾಣವಿಲ್ಲದೆ ಏನನ್ನೂ ಒಪ್ಪುವವನಲ್ಲ. ಹಾಗಾದರೆ ಇದನ್ನು ಮಾಡು. ಎಡಗೈಯನ್ನು ನಡುಗಲ್ಲಿನ ಮೇಲೆ ಇಟ್ಟು ನೋಡು. ಆಮೇಲೆ ಬಲಗೈಯನ್ನು ಮನೆಯ ಹೊಸ್ತಿಲ ಮೇಲೆ, ನಿನ್ನ ಪ್ರಾರ್ಥನೆಯ ಮಣೆಯ ಮೇಲೆ, ಎಲ್ಲಿ ಬೇಕಾದರೂ ಇಡು. ಅಲ್ಲೆಲ್ಲ ಗಡಿಯಾರದವನು ಮೋಟಾರು ಹೂಳಿರಲಾರ.

ತುಂಬಿದ ಲೋಟ ತುಳುಕುತ್ತದೆ, ಅದಕ್ಕೆ ಅರ್ಧ. ಗಾಜು ಒಡೆಯುತ್ತದೆ, ಅದಕ್ಕೆ ಸ್ಟೀಲು. ಗುಂಡಿ ಹಾಕಿಕೊಳ್ಳಲು ನಿನಗೆ ಎಷ್ಟು ಹೊತ್ತು ಹಿಡಿಯುತ್ತಿತ್ತು ಎಂಬುದನ್ನು ಅವಳು ಬಾಗಿಲಾಚೆ ನಿಂತು ನೋಡಿರಬೇಕು. ಬೀದಿಯಲ್ಲಿ ನೀನು ಮುಗ್ಗರಿಸಿದರೆ ಹಿಡಿಯಲೆಂದು ಹಿಂದೆ ಬರುತ್ತಾಳೆ. ಅವಳ ಅಡುಗೆಗೆ ವಾಸನೆ ಇಲ್ಲದೆ ಹೋಗಿಲ್ಲ, ಈ ಕಾಯಿಲೆ ಮೊದಲು ತೆಗೆದುಕೊಂಡು ಹೋಗುವುದೇ ಅದನ್ನು.

ಇದಕ್ಕೆ ಔಷಧಿ ಇದೆ. ಪೂರ್ತಿ ವಾಸಿಯಾಗುತ್ತದೆಂದು ಸುಳ್ಳು ಹೇಳುವುದಿಲ್ಲ. ಕಲ್ಲು ನಡುಗುತ್ತಿಲ್ಲ ಅಣ್ಣ.

ಊರಿನೆದುರು ಅವಳ ಮೇಲೆ ಆ ಮಾತು ಹೊರಿಸಿದರೆ ಅವಳು ಎದುರಾಡುವುದಿಲ್ಲ, ಕೆಲಸ ಬಿಟ್ಟು ಸುಮ್ಮನೆ ಹೊರಟುಹೋಗುತ್ತಾಳೆ. ಅಷ್ಟಾದ ಮೇಲೆ ನೀನು ಯಾವ ದೇವರ ಮುಂದೆ ಕೈ ಮುಗಿಯುತ್ತೀಯೆ?

ನಿನ್ನ ತಂಗಿ


೮ ಏಪ್ರಿಲ್

ತಂಗಿಗೆ ಆಶೀರ್ವಾದ.

ಈ ಅಕ್ಷರವನ್ನು ನೀನು ಹಿಂದೆ ಒಂದೇ ಸಲ ಕಂಡಿದ್ದೀಯೆ. ನಾನು ಹೇಳುತ್ತಿದ್ದೇನೆ, ಸೊಸೆ ಬರೆಯುತ್ತಿದ್ದಾಳೆ. ದೀರ್ಘಗಳನ್ನು ಅಲ್ಲಲ್ಲಿ ನುಂಗುತ್ತಾಳೆ, ನುಂಗಲಿ.

ನಿನ್ನ ಕಾಗದವನ್ನು ಒಡೆಯದೆ ಇಟ್ಟಿದ್ದೆ. ಸಭೆಯ ದಿನ ಬೆಳಗ್ಗೆ ಪ್ರಾರ್ಥನೆಗೆ ಕುಳಿತಾಗ, ತೀರ್ಪು ಕೊಡಹೊರಟವನು ಎದುರುಪಕ್ಷದ ಮಾತನ್ನು ಕೇಳದಿರುವುದು ಅಧರ್ಮವೆಂದು ತೋರಿತು. ಒಡೆದೆ. ಓದಿ ಮುಗಿಸಿ, ನಿನ್ನ ಮಾತು ಸುಳ್ಳೆಂದು ಸ್ಥಾಪಿಸಲೆಂದೇ ಬಲಗೈಯನ್ನು ಮಣೆಯ ಮೇಲಿಟ್ಟೆ. ಮಣೆಯ ಮೇಲಿದ್ದ ಕನ್ನಡಕ ಕಟಕಟನೆ ಸದ್ದು ಮಾಡಿತು. ಕೈ ಎತ್ತಿದೆ, ಸದ್ದು ನಿಂತಿತು. ಇಟ್ಟೆ, ಮತ್ತೆ ಸದ್ದು. ನಿತ್ಯವೂ ಆ ಮಣೆಯ ಮುಂದೆ ಕಣ್ಣು ಮುಚ್ಚಿ ಕೂರುವವನಿಗೆ ಈ ತಿಂಗಳುಗಳಲ್ಲಿ ಒಮ್ಮೆಯೂ ಅದು ಕೇಳಿಸಿರಲಿಲ್ಲ. ದೇವರು ಕರೆದದ್ದನ್ನೇ ಕೇಳದವನು ಯಾರ ಮೋಸ ಹಿಡಿಯಲು ಹೊರಟಿದ್ದೆ?

ಸೊಸೆ ಬಾಗಿಲಲ್ಲಿ ನಿಂತಿದ್ದಳು.

‘ನಿನಗೆ ಯಾವಾಗಿನಿಂದ ಗೊತ್ತು?’

‘ನವೆಂಬರಿಂದ ಮಾವ.’

‘ಯಾಕಮ್ಮ ಹೇಳಲಿಲ್ಲ?’

‘ಪುಸ್ತಕ ಮುಗೀಲಿ ಅಂತ.’

ಸಂಜೆ ಸಭೆಗೆ ಹೋದೆವು. ಸ್ಥಾಪನಾ ದಿನವೆಂದು ಕಲ್ಲಿಗೆ ದೀಪ ಹಾಕಿ, ವೇದಿಕೆಯನ್ನು ಈ ಸಲ ಚೌಕದ ಬದಲು ಅದರ ಪಕ್ಕದಲ್ಲೇ ಕಟ್ಟಿದ್ದರು. ಗಡಿಯಾರದವನು, ನಂಬದಿದ್ದವರು ನಂಬಿದ ಕಥೆಯನ್ನು ಪಂಡಿತರ ಬಾಯಲ್ಲೇ ಕೇಳೋಣ ಎಂದು ನನ್ನನ್ನು ಕರೆದ. ನಾನು ವೇದಿಕೆಯಿಂದ ಇಳಿದು ಹೋಗಿ ಎಡಗೈಯನ್ನು ಕಲ್ಲಿನ ಮೇಲಿಟ್ಟೆ, ಸುಮ್ಮನಿತ್ತು. ಬಲಗೈಯನ್ನು ಗಾಳಿಯಲ್ಲಿ ಸಡಿಲವಾಗಿ ಇಳಿಬಿಟ್ಟು ಎಲ್ಲರಿಗೂ ತೋರಿಸಿದೆ. ‘ನಡುಗುವುದು ಇದು. ಕಲ್ಲಲ್ಲ. ಅದು ಎರಡು ಊರುಗಳ ನಡುವೆ ನಿಂತ ಕಲ್ಲು, ಅಷ್ಟೆ’ ಎಂದೆ. ಮೋಟಾರಿನ ವಿಚಾರವನ್ನೂ ಮುಚ್ಚಿಡಲಿಲ್ಲ. ಅಧ್ಯಕ್ಷನನ್ನೂ ನನ್ನ ಮನೆಯ ಹೆಣ್ಣನ್ನೂ ಕಳ್ಳರೆಂದು ಬಗೆದಿದ್ದೆನೆಂದೂ, ಅವಳು ನನ್ನ ಕೈಯನ್ನು ಕಾಯಲು ಆ ಹೆಸರನ್ನು ಹೊತ್ತುಕೊಂಡಳೆಂದೂ ಹೇಳಿದೆ.

ಹಿಂದಿನ ಸಾಲಿನಿಂದ ಯಾವನೋ, ‘ಹಂಗಾದ್ರೆ ಮೇಷ್ಟ್ರನ್ನೇ ತಿರುವಲ್ಲಿ ನಿಲ್ಲಿಸ್ರಪ್ಪ, ಜನ ಮುಟ್ಟಿ ನೋಡ್ಲಿ’ ಎಂದ. ಒಬ್ಬಿಬ್ಬರು ನಕ್ಕರು. ನನ್ನ ಹಳೆಯ ವಿದ್ಯಾರ್ಥಿಯಿರಬೇಕು, ಹಾಸ್ಯದಲ್ಲಿ ತರ್ಕವಿತ್ತು. ನಾನೂ ನಕ್ಕೆ.

ಗಡಿಯಾರದವನಿಗೆ ಮುಖಭಂಗವಾಗಿದೆ. ಸೊಸೆಯ ಕೆಲಸ ಇನ್ನೊಂದು ವರ್ಷ ತಾತ್ಕಾಲಿಕವಾಗಿಯೇ ಇರಲಿ ಎಂದು ತೀರ್ಮಾನಿಸಿದರು. ಕಲ್ಲು ನಡುಗದಿದ್ದರೆ ಜನ ಬರುವರೋ ಇಲ್ಲವೋ ನೋಡಬೇಕಂತೆ. ನಾನು ಅವಳಿಗೆ ನ್ಯಾಯ ಕೊಡಿಸಿದೆನೆಂದು ಹೇಳಲಾರೆ. ನಿಜ ಹೇಳಿದೆ, ಅದರ ಬೆಲೆಯಲ್ಲಿ ಪಾಲು ಅವಳೂ ಕೊಟ್ಟಳು.

ಈಗ ನಡುಮನೆಯಲ್ಲಿ ಅವಳ ಟ್ರಂಕು ಇದೆ. ಸಭೆಯ ಹಿಂದಿನ ದಿನವೇ ಕಟ್ಟಿಟ್ಟದ್ದು. ಹೊರಡು ಎಂದವನು ನಾನು. ಆಮೇಲೆ ಅವಳೂ ಆ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ. ಮೂರು ದಿನದಿಂದ ಇಬ್ಬರೂ ಅದನ್ನು ಸುತ್ತಿ ಬಳಸಿ ನಡೆಯುತ್ತಿದ್ದೇವೆ.

ಅತ್ತೆ, ಇಲ್ಲಿ ಮಾವ ನನ್ನ ವಿಷಯವಾಗಿ ಎರಡು ವಾಕ್ಯ ಹೇಳಿದರು. ನನ್ನ ಕೈಯಿಂದಲೇ ಅದನ್ನು ಬರೆಯಲು ಆಗುವುದಿಲ್ಲ ಎಂದೆ. ಹೇಳಿದ್ದನ್ನು ಬರೆಯದವಳು ಎಂಥ ಬರಹಗಾರ್ತಿ ಎಂದು ಗದರಿದರು. ನಾನು ಬರೆಯಲಿಲ್ಲ. ಲೇಖನಿ ಕೊಡು ಎಂದು ಕಸಿದುಕೊಂಡಿದ್ದಾರೆ. ಕೆಳಗಿನ ಸಾಲು ಅವರದು.

ಹೋಗಬೇಡ ಮಗಳೇ

ಅತ್ತೆ, ಇಷ್ಟು ಬರೆಯಲು ಅವರಿಗೆ ಬಹಳ ಹೊತ್ತು ಹಿಡಿಯಿತು. ಅಕ್ಷರಗಳು ಒಂದರ ಮೇಲೊಂದು ಬಿದ್ದಿವೆ, ನಿಮಗೆ ಓದಲು ಬಾರದಿದ್ದರೆ ಬೇಸರ ಮಾಡಿಕೊಳ್ಳಬೇಡಿ. ಅದನ್ನು ಬರೆದದ್ದು ನಿಮಗಲ್ಲ.

ಬಟ್ಟೆಗಳನ್ನು ಬೀರುವಿಗೆ ತುಂಬುವ ಕೆಲಸವಿದೆ. ಇಲ್ಲಿಗೆ ನಿಲ್ಲಿಸುತ್ತೇನೆ.